ಮೂರೋ ಎಂಟೋ

ಸೀತಾಂಗೋಳಿ ಪೇಟೆಯಲ್ಲಿ ನನ್ನದೊಂದು ಎಣ್ಣೆಯಂಗಡಿ.
ತೆಂಗಿನದ್ದಲ್ಲ, ಎಳ್ಳಿನದ್ದಲ್ಲ,
ಇಂಜಿನಿನದು, ಗೇರಿನದು, ಬ್ರೇಕಿನದು.
ತಲೆಗೆ ಹಚ್ಚುವುದು ಉಂಟಾ ಎಂದು ಕೇಳಿ ಹೋದವರೂ ಇದ್ದಾರೆ.

ಮೊನ್ನೆ ಬುಧವಾರ ಕುಂಞಂಬು ಮಣಿಯಾಣಿ ಬಂದ.
ನೀರು ಹೊರುವ ಅವನ ಲಾರಿ ಹೊರಗೆ ನಿಂತು ಕೆಮ್ಮುತ್ತಿತ್ತು.
ಯಾವುದೋ ಬಂದರಿನ ಹರಾಜಿನಲ್ಲಿ ಹಿಡಿದದ್ದು.
ಕ್ಲಚ್ಚಿಲ್ಲ, ಎಡಗಾಲಿಗೆ ಕೆಲಸವಿಲ್ಲ,
ಗೇರು ತಾನೇ ಬೀಳುತ್ತದೆ.
ಈಗೀಗ ಬೀಳುವುದಿಲ್ಲ.

"ಕೆಂಪೆಣ್ಣೆ ಕೊಡು, ಹದಿನೈದು ಲೀಟರು."
"ಯಾವ ಕೆಂಪು?"
"ಕೆಂಪಿನಲ್ಲಿ ಎಷ್ಟುಂಟು ಮಾರಾಯ್ತಿ?"

ಉಂಟು. ನನ್ನ ಕಪಾಟಿನಲ್ಲೇ ಐದುಂಟು.
ಗಾಜಿನ ಲೋಟಕ್ಕೆ ಹೊಯ್ದಿಟ್ಟರೆ ಹೆತ್ತವಳಿಗೂ ಗುರುತು ಸಿಗದು.
ಒಂದು ಜಾರಿಸುತ್ತದೆ, ಒಂದು ಹಿಡಿಯುತ್ತದೆ,
ಒಂದು ಮೊದಲು ಜಾರಿಸಿ ಆಮೇಲೆ ಹಿಡಿಯುತ್ತದೆ.
ತಪ್ಪಿದರೆ ಪೆಟ್ಟಿಗೆಯೊಳಗಿನ ಬಿಲ್ಲೆಗಳು
ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ
ತಿರುಗಿ ತಿರುಗಿ ಸುಟ್ಟುಹೋಗುತ್ತವೆ.

ಶಾಲನ್ನು ಕಪಾಟಿನ ಮೊಳೆಗೆ ಸಿಕ್ಕಿಸಿ ಲಾರಿಯಡಿಗೆ ನುಗ್ಗಿದೆ.
ಪೆಟ್ಟಿಗೆಯ ಪಕ್ಕದ ತಗಡಿನ ಫಲಕ
ಉಪ್ಪುಗಾಳಿ ತಿಂದು, ಆಮೇಲೆ ಮುರಕಲ್ಲಿನ ಧೂಳು ತಿಂದು ಸವೆದಿತ್ತು.
ಉಗುರಿನಿಂದ ಕೆರೆದರೆ ಇಂಗ್ಲಿಷಿನ ಒಂದು 'ಸಿ',
ಪಕ್ಕದಲ್ಲೊಂದು ಅಂಕೆ:
ಮೂರೋ, ಎಂಟೋ.
ಎಂಟರ ಎಡಪಕ್ಕ ಸವೆದರೆ ಮೂರು,
ಮೂರರ ಬಾಯಿಗೆ ಮಣ್ಣು ಬಿದ್ದರೆ ಎಂಟು.

ಇಂಜಿನ್ ಓಡುತ್ತಿರುವಾಗಲೇ, ಬಿಸಿಯಿರುವಾಗಲೇ
ಅಳತೆಯ ಕಡ್ಡಿ ಎಳೆದೆ.
ಹೋದ ವರ್ಷದ ಕ್ಯಾಲೆಂಡರಿನ ಹಿಂಬದಿಗೆ ಒಂದು ಹನಿ.
ನಡುವೆ ಕಡು ಚಹಾ, ಅಂಚಿನಲ್ಲಿ ಮಾತ್ರ
ಒಂದು ಕಾಲದಲ್ಲಿ ಕೆಂಪಾಗಿದ್ದೆ ಎಂಬ ಗುಲಾಬಿ ಗೆರೆ.

ಕಾಗದ ಹಿಡಿದು ಅಂದುಂಞಿಚ್ಚನಲ್ಲಿಗೆ ಹೋದೆವು.
ಶಾರ್ಜಾದಲ್ಲಿ ಇಪ್ಪತ್ತೊಂದು ವರ್ಷ ಇಂಥವೇ ಪೆಟ್ಟಿಗೆ ಬಿಚ್ಚಿದವರು,
ಈಗ ಎರಡೂ ಕಣ್ಣಿಗೆ ಪೊರೆ.
ನೋಡಲಿಲ್ಲ, ಮೂಸಿದರು.
ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರು,
ನೋಟು ಎಣಿಸುವವರ ಹಾಗೆ.
ಒಳಗೆ ಕುಕ್ಕರು ಕೂಗಿತು, ಮತ್ತೂ ಕೂಗಿತು,
ಅವರ ಬೆರಳು ನಿಲ್ಲಲಿಲ್ಲ.

"ಎಂಟು ಅಂತ ಒಂದು ಹುಟ್ಟಲೇ ಇಲ್ಲ. ಮೂರೇ ಅದು.
ಮೂರನ್ನು ಈಗ ಯಾರೂ ಮಾಡುವುದಿಲ್ಲ,
ನಾಲ್ಕು ಕೊಡು, ಒಪ್ಪುತ್ತದೆ.
ಆದರೆ ಹಳತನ್ನು ಪೂರ್ತಿ ಇಳಿಸಬೇಡ, ಕೇಳಿತಾ?
ಬಿಲ್ಲೆ ಸವೆದ ಹುಡಿಯೆಲ್ಲ ಅದರಲ್ಲೇ ಉಂಟು,
ಆ ಹುಡಿಯ ಮೇಲೆಯೇ ಅದು ಕಚ್ಚಿ ನಿಂತಿರುವುದು.
ತೊಳೆದು ಚೊಕ್ಕ ಮಾಡಿದೆಯೋ,
ನಾಳೆ ಹೆಜ್ಜೆ ಎತ್ತುವುದಿಲ್ಲ."

ಕುಂಞಂಬುವಿಗೆ ಸಮಾಧಾನವಿಲ್ಲ.
ಕೊಳೆಯನ್ನು ಒಳಗೇ ಇಟ್ಟುಕೊಳ್ಳಲು ದುಡ್ಡು ಕೊಡಬೇಕಾ
ಎಂದು ದಾರಿಯುದ್ದಕ್ಕೂ ಗೊಣಗಿದ,
ಮಲಯಾಳದಲ್ಲಿ ಸ್ವಲ್ಪ, ತುಳುವಿನಲ್ಲಿ ಸ್ವಲ್ಪ,
ಲೆಕ್ಕ ಮಾತ್ರ ಕನ್ನಡದಲ್ಲಿ.

ನಾಲ್ಕು ಲೀಟರು ಇಳಿಸಿದೆವು, ನಾಲ್ಕು ಹೊಯ್ದೆವು.
ಇಳಿದದ್ದನ್ನು ಬಿಸಿಲಿಗೆ ಹಿಡಿದು ನೋಡಿದೆ,
ಕಬ್ಬಿಣದ ಮಿಂಚಿಲ್ಲ. ಅಷ್ಟು ಒಳ್ಳೆಯದು.
ಹದಿನೈದು ದಿನ ಬಿಟ್ಟು ಮತ್ತೆ ನಾಲ್ಕು.
ಫಿಲ್ಟರಿಗೆ ಮಂಗಳೂರಿನಲ್ಲಿ ಹೇಳಿಟ್ಟಿದ್ದೇನೆ,
ಬರುತ್ತದೆ ಎಂದಿದ್ದಾರೆ, ನೋಡಬೇಕು.
ಹದಿನೈದು ಲೀಟರಿನ ಗಿರಾಕಿಯನ್ನು ನಾಲ್ಕಕ್ಕೆ ಇಳಿಸಿದ್ದು ನಾನೇ.
ಮನೆಯಲ್ಲಿ ಗಂಡನಿಗೆ ಹೇಳಿಲ್ಲ.

ಈಗ ದಿನಾ ಬೆಳಗ್ಗೆ ಏಳೂಕಾಲಕ್ಕೆ
ಪುತ್ತಿಗೆಯ ದಾರಿಯಲ್ಲಿ ಅವನ ಲಾರಿ ಟ್ಯಾಂಕು ತುಂಬಿಕೊಂಡು ಬರುತ್ತದೆ.
ನಾನು ಶಟರು ಅರ್ಧ ಎತ್ತಿ ನಿಲ್ಲುತ್ತೇನೆ.
ಒಂದು.
ಆಮೇಲೆ ಎರಡು, ಸರಾಗ.
ಎರಡರಿಂದ ಮೂರಕ್ಕೆ, ನಡುವೆ
ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ,
ಇಂಜಿನ್ ಬರಿದೇ ಕೂಗುತ್ತದೆ,
ಟ್ಯಾಂಕಿನ ನೀರು ಹಿಂದಕ್ಕೆ ಮುಂದಕ್ಕೆ ತೂಗುತ್ತದೆ,

ಕಚ್ಚುತ್ತದೆ.

ಉಳಿದರ್ಧ ಶಟರು ಎತ್ತುತ್ತೇನೆ.